ತುಮಕೂರಿನ ಕೆಮ್ಮು

ರೋಗವೊಂದು ಹತೋಟಿಗೆ ಬಾರದಿದ್ದಾಗ ಸರ್ಕಾರಿ ವರದಿಗಳಲ್ಲಿ ತಪ್ಪದೆ ಕಾಣಿಸಿಕೊಳ್ಳುವ ಕಾರಣವೊಂದಿದೆ: ಜನರಲ್ಲಿ ಅರಿವಿನ ಕೊರತೆ. ಮಲೇರಿಯಾ ಇರಲಿ, ರಕ್ತಹೀನತೆ ಇರಲಿ, ಕ್ಷಯ ಇರಲಿ, ಕೊನೆಗೆ ಬೆರಳು ತಿರುಗುವುದು ಓದು ಬರಹ ಬಾರದ ಹಳ್ಳಿಯವರ ಕಡೆಗೇ. ಈ ಕಾರಣದಲ್ಲಿ ಒಂದು ದೊಡ್ಡ ಅನುಕೂಲವಿದೆ. ಅದನ್ನು ಒಪ್ಪಿಕೊಂಡರೆ ಆಸ್ಪತ್ರೆಯಲ್ಲಿ ಏನನ್ನೂ ಬದಲಿಸಬೇಕಾಗಿಲ್ಲ. ಗೋಡೆಗೊಂದು ಭಿತ್ತಿಪತ್ರ, ಬೀದಿಯಲ್ಲೊಂದು ಜಾಥಾ, ವರ್ಷಕ್ಕೊಂದು ಸಪ್ತಾಹ ನಡೆಸಿದರೆ ಕರ್ತವ್ಯ ಮುಗಿಯಿತು. ಈ ನಂಬಿಕೆ ನಿಜವೇ ಎಂದು ಪರೀಕ್ಷಿಸಿ ನೋಡುವ ಕೆಲಸ ಮಾತ್ರ ಬಹಳ ಕಾಲ ನಡೆದಿರಲಿಲ್ಲ. ಅದು ನಡೆದ ಮೊದಮೊದಲ ಜಾಗಗಳಲ್ಲಿ ನಮ್ಮ ತುಮಕೂರು ಜಿಲ್ಲೆಯೂ ಒಂದು. 1960ರ ದಶಕದ ಆರಂಭದಲ್ಲಿ ಅಲ್ಲಿನ ಹಳ್ಳಿಗಳಲ್ಲಿ ಕೆಮ್ಮುತ್ತಿದ್ದವರ ಮಾತನ್ನು ಇಬ್ಬರು ಸಂಶೋಧಕರು ಕ್ರಮಬದ್ಧವಾಗಿ ಕೇಳಿ ಬರೆದುಕೊಂಡರು. ಸಿಕ್ಕ ಉತ್ತರ ವೈದ್ಯಲೋಕ ಎಣಿಸಿದ್ದಕ್ಕೆ ತದ್ವಿರುದ್ಧವಾಗಿತ್ತು. ಇಂದು ಆರೋಗ್ಯ ಸಾಕ್ಷರತೆ, ಆರೋಗ್ಯ ಸಮತೆ ಎಂದು ಕರೆಯಲಾಗುವ ಅಧ್ಯಯನಗಳು ಮೊದಲು ಕೇಳಬೇಕಾದ ಪ್ರಶ್ನೆಯನ್ನು ಆ ಉತ್ತರವೇ ತೋರಿಸಿಕೊಟ್ಟಿದೆ ಎಂಬುದು ನನ್ನ ವಾದ. ಜನರಿಗೆ ಎಷ್ಟು ಗೊತ್ತಿದೆ ಎಂದು ಅಳೆಯುವ ಮೊದಲು, ಗೊತ್ತಿದ್ದು ಬಂದವರಿಗೆ ಆಸ್ಪತ್ರೆ ಏನು ಮಾಡಿತು ಎಂಬುದನ್ನು ಅಳೆಯಬೇಕು.

ತುಮಕೂರಿಗೆ ಹೋಗುವ ಮೊದಲು ಅದರ ಹಿಂದಿನ ಕಾಲವನ್ನು ನೋಡಬೇಕು. ಕ್ಷಯಕ್ಕೆ ಮದ್ದಿಲ್ಲದ ದಿನಗಳಲ್ಲಿ ಚಿಕಿತ್ಸೆಯೆಂದರೆ ಸ್ಯಾನಟೋರಿಯಂ. ಊರಾಚೆಯ ತಂಪು ಗಾಳಿ, ಹಾಲು, ಮೊಟ್ಟೆ, ತಿಂಗಳುಗಟ್ಟಲೆ ವಿಶ್ರಾಂತಿ. ಮದನಪಲ್ಲಿಯ ಬಳಿಯ ಆರೋಗ್ಯವರಂ ಹಾಗೆ ಹುಟ್ಟಿದ್ದು; ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಕ್ಷಯಕ್ಕೆ ತುತ್ತಾದ ತಮ್ಮ ಸಹೋದರಿ ಕೃಷ್ಣಾಜಮ್ಮಣ್ಣಿಯವರ ನೆನಪಿಗೆ ಕಟ್ಟಿಸಿದ ಆಸ್ಪತ್ರೆ ಹುಟ್ಟಿದ್ದೂ ಹಾಗೆಯೇ. ಅರಮನೆಯನ್ನೂ ಬಿಡದ ರೋಗ ಅದಾಗಿತ್ತು. ಆದರೆ ಚಿಕಿತ್ಸೆ ಮಾತ್ರ ಎಲ್ಲರ ಮನೆಯದಾಗಿರಲಿಲ್ಲ. ದೇಶದ ಆರೋಗ್ಯ ಸ್ಥಿತಿಯನ್ನು ಪರಿಶೀಲಿಸಿದ ಭೋರ್ ಸಮಿತಿ 1946ರಲ್ಲಿ ಕೊಟ್ಟ ಅಂದಾಜಿನಂತೆ ದೇಶದಲ್ಲಿ ಸುಮಾರು 25 ಲಕ್ಷ ಕ್ಷಯರೋಗಿಗಳಿದ್ದರು, ವರ್ಷಕ್ಕೆ 5 ಲಕ್ಷ ಮಂದಿ ಸಾಯುತ್ತಿದ್ದರು; ಅವರಿಗೆಂದು ಇದ್ದ ಹಾಸಿಗೆಗಳು ಹೆಚ್ಚು ಕಡಿಮೆ 6,000. ಅಂದರೆ ನಾನೂರು ರೋಗಿಗಳಿಗೆ ಒಂದು ಹಾಸಿಗೆ. ಉಳಿದ ಮುನ್ನೂರತೊಂಬತ್ತೊಂಬತ್ತು ಮಂದಿಗೆ ವೈದ್ಯರು ಕೊಡಬಹುದಾಗಿದ್ದದ್ದು ಬುದ್ಧಿಮಾತು ಮಾತ್ರ: ಚೆನ್ನಾಗಿ ಉಣ್ಣಿ, ಗಾಳಿ ಬೆಳಕಿನ ಕೋಣೆಯಲ್ಲಿ ಬೇರೆ ಮಲಗಿ, ಆಯಾಸ ಮಾಡಿಕೊಳ್ಳಬೇಡಿ. ಒಂದಂಕಣದ ಮನೆಯಲ್ಲಿ ದಿನಗೂಲಿಯ ಮೇಲೆ ಬದುಕುವವರಿಗೆ ಇದು ಪಾಲಿಸಲಾಗದ ಸಲಹೆ. ಪಾಲಿಸದಿದ್ದಾಗ ತಪ್ಪು ಸಲಹೆಯದಲ್ಲ, ಪಾಲಿಸದವರದು ಎಂಬ ಲೆಕ್ಕಾಚಾರ ಅಲ್ಲಿಂದಲೇ ಬೇರುಬಿಟ್ಟಿತು.

ಈ ಲೆಕ್ಕಾಚಾರಕ್ಕೆ ಮೊದಲ ಪೆಟ್ಟು ಬಿದ್ದದ್ದು ಮದ್ರಾಸಿನಲ್ಲಿ. 1956ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಮದ್ರಾಸ್ ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಸೇರಿ ಅಲ್ಲೊಂದು ಕ್ಷಯ ಚಿಕಿತ್ಸಾ ಕೇಂದ್ರ ತೆರೆದವು. ಅಷ್ಟರಲ್ಲಿ ಐಸೋನಿಯಾಜಿಡ್ ಮತ್ತು ಪಿ.ಎ.ಎಸ್. ಎಂಬ ಮಾತ್ರೆಗಳು ಬಂದಿದ್ದವು. ನಗರದ ಬಡಬಗ್ಗರ ಕೇರಿಗಳಿಂದ ಬಂದ 193 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ, ಒಂದು ಪಾಲನ್ನು ಸ್ಯಾನಟೋರಿಯಂನಲ್ಲಿ ಒಳ್ಳೆಯ ಆಹಾರ ವಿಶ್ರಾಂತಿಗಳೊಂದಿಗೆ ಇರಿಸಿದರು, ಇನ್ನೊಂದು ಪಾಲಿಗೆ ಅದೇ ಮಾತ್ರೆಗಳನ್ನು ಮನೆಯಲ್ಲೇ ಕೊಟ್ಟರು. 1959ರಲ್ಲಿ ಹೊರಬಂದ ಫಲಿತಾಂಶ ಜಗತ್ತಿನ ಕ್ಷಯ ಚಿಕಿತ್ಸೆಯ ದಿಕ್ಕನ್ನೇ ಬದಲಿಸಿತು. ಇಕ್ಕಟ್ಟಿನ ಮನೆಯಲ್ಲಿ, ಅರೆಹೊಟ್ಟೆಯಲ್ಲಿ, ಕೆಲಸ ಮಾಡುತ್ತಲೇ ಮಾತ್ರೆ ನುಂಗಿದವರೂ ಸ್ಯಾನಟೋರಿಯಂನವರಿಗೆ ಹೆಚ್ಚು ಕಡಿಮೆ ಸಮನಾಗಿ ಗುಣ ಹೊಂದಿದ್ದರು. ಮನೆಯವರಿಗೆ ಸೋಂಕಿನ ಅಪಾಯವೂ ಅದರಿಂದ ಹೆಚ್ಚಿರಲಿಲ್ಲ. ಔಷಧಿಯ ಬಲ ಇದರಿಂದ ಸಾಬೀತಾಯಿತು, ನಿಜ. ಅದರ ಜೊತೆಗೇ ಇನ್ನೊಂದು ಸಂಗತಿಯೂ ಸಾಬೀತಾಯಿತು. ಬಡವರು ಚಿಕಿತ್ಸೆಯನ್ನು ಅರ್ಥ ಮಾಡಿಕೊಳ್ಳಲಾರರು, ವರ್ಷವಿಡೀ ಮಾತ್ರೆ ನುಂಗಲಾರರು ಎಂಬ ಮಾತು, ಮದ್ದನ್ನೂ ಮೇಲ್ವಿಚಾರಣೆಯನ್ನೂ ಸರಿಯಾಗಿ ಒದಗಿಸಿದ ಕಡೆ ನಿಲ್ಲಲಿಲ್ಲ.

ಇದೇ ಹೊತ್ತಿಗೆ, 1955ರಿಂದ 1958ರವರೆಗೆ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನಡೆಸಿದ ರಾಷ್ಟ್ರೀಯ ಸಮೀಕ್ಷೆ ಮತ್ತೊಂದು ಭ್ರಮೆಯನ್ನು ಕಳಚಿತು. ಕ್ಷಯ ಎಂದರೆ ಗಿರಣಿಗಳ, ಕೊಳೆಗೇರಿಗಳ, ಪಟ್ಟಣದ ರೋಗ ಎಂದು ಎಲ್ಲರೂ ತಿಳಿದಿದ್ದರು. ಹಳ್ಳಿಗಳಲ್ಲೂ ಅದು ಅಷ್ಟೇ ಇದೆ ಎಂದು ಎಕ್ಸ್‌ರೇ ಮತ್ತು ಕಫ ಪರೀಕ್ಷೆ ತೋರಿಸಿದವು. ದೇಶದ ಐವರಲ್ಲಿ ನಾಲ್ವರು ಹಳ್ಳಿಯಲ್ಲಿದ್ದ ಕಾಲ ಅದು. ಹಾಗಾಗಿ ಐವರು ರೋಗಿಗಳಲ್ಲಿ ನಾಲ್ವರು ಹಳ್ಳಿಯವರು, ಆದರೆ ಹಾಸಿಗೆ, ಎಕ್ಸ್‌ರೇ ಯಂತ್ರ, ಕ್ಷಯ ತಜ್ಞರು ಎಲ್ಲವೂ ಪಟ್ಟಣದಲ್ಲಿ. ಈ ಅಂತರವನ್ನು ಹೇಗೆ ತುಂಬುವುದು ಎಂಬ ಪ್ರಶ್ನೆಗೆ ಉತ್ತರ ಹುಡುಕಲೆಂದೇ 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಯಿತು. ಬಳ್ಳಾರಿ ರಸ್ತೆಯ ‘ಅವಲಾನ್’ ಬಂಗಲೆಯಲ್ಲಿ ಅದು ನೆಲೆಯೂರಿತು. 1960ರಲ್ಲಿ ಪ್ರಧಾನಿ ನೆಹರೂ ಅದನ್ನು ಉದ್ಘಾಟಿಸಿದರು. ಅಲ್ಲಿ ವೈದ್ಯರ ಜೊತೆಗೆ ಸಂಖ್ಯಾಶಾಸ್ತ್ರಜ್ಞರು, ಸಮಾಜವಿಜ್ಞಾನಿಗಳು ಒಂದೇ ಮೇಜಿನ ಸುತ್ತ ಕೂತು ಕೆಲಸ ಮಾಡಿದರು. ಆ ಕಾಲಕ್ಕೆ ಅದು ಅಪರೂಪ.

ಅವರ ಮುಂದಿದ್ದ ತೊಡಕು ಹೀಗಿತ್ತು. ಹಳ್ಳಿಯ ರೋಗಿಯನ್ನು ಪತ್ತೆ ಮಾಡುವುದು ಹೇಗೆ? ಐರೋಪ್ಯ ಮಾದರಿಯಂತೆ ಎಕ್ಸ್‌ರೇ ಯಂತ್ರ ಹೊತ್ತ ವ್ಯಾನುಗಳನ್ನು ಊರೂರಿಗೆ ಓಡಿಸಿ ಎಲ್ಲರ ಎದೆಯ ಚಿತ್ರ ತೆಗೆಯುವುದು ಒಂದು ದಾರಿ. ಇದಕ್ಕೆ ಹಣವೂ ಇಲ್ಲ, ವಿದ್ಯುತ್ತೂ ಇಲ್ಲ, ಚಿತ್ರ ಓದಬಲ್ಲವರೂ ಇಲ್ಲ. ಆದರೂ ಈ ದಾರಿಯನ್ನು ಸಮರ್ಥಿಸುವವರ ಹಿಂದೆ ಒಂದು ಗಟ್ಟಿ ನಂಬಿಕೆಯಿತ್ತು: ಹಳ್ಳಿಯ ಮನುಷ್ಯನಿಗೆ ತನಗೆ ರೋಗವಿದೆ ಎಂಬುದೇ ತಿಳಿಯದು, ತಿಳಿದರೂ ಅವನು ಮಂತ್ರ ತಾಯತ ಎನ್ನುತ್ತಾನೆಯೇ ಹೊರತು ಆಸ್ಪತ್ರೆಗೆ ಬರುವುದಿಲ್ಲ, ಆದ್ದರಿಂದ ನಾವೇ ಹೋಗಿ ಹುಡುಕಬೇಕು. ವೈದ್ಯಕೀಯ ಓದಿ, ಆಮೇಲೆ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಮಾನವಶಾಸ್ತ್ರ ಕಲಿತು ಬಂದಿದ್ದ ದೇಬಬರ್ ಬ್ಯಾನರ್ಜಿ ಎಂಬ ಬಂಗಾಳಿ ತರುಣ ವೈದ್ಯರಿಗೆ ಈ ನಂಬಿಕೆಯನ್ನೇ ತನಿಖೆಗೆ ಒಡ್ಡಬೇಕೆನಿಸಿತು. ಅವರಿಗೆ ಜೊತೆಯಾದವರು ವಿಶ್ವ ಆರೋಗ್ಯ ಸಂಸ್ಥೆಯ ಕಡೆಯಿಂದ ಬಂದಿದ್ದ ಸ್ಟಿಗ್ ಆಂಡರ್ಸನ್.

ತುಮಕೂರು ಜಿಲ್ಲೆ ಅವರಿಗೆ ಹೇಳಿ ಮಾಡಿಸಿದಂತಿತ್ತು. 1960-61ರಲ್ಲಿ ಸಂಸ್ಥೆಯ ಬೇರೊಂದು ತಂಡ ಅಲ್ಲಿ ಮನೆಮನೆಗೆ ಹೋಗಿ ಎಕ್ಸ್‌ರೇ, ಕಫ ಪರೀಕ್ಷೆ ನಡೆಸಿ ಯಾರಿಗೆ ಕ್ಷಯವಿದೆ ಎಂದು ಪಟ್ಟಿ ಮಾಡಿತ್ತು. ಅಂದರೆ ಆಸ್ಪತ್ರೆಗೆ ಬಂದವರ ಪಟ್ಟಿಯಲ್ಲ, ಬಂದಿರಲಿ ಬಿಡಲಿ, ಊರಿನಲ್ಲಿ ನಿಜಕ್ಕೂ ಇದ್ದ ರೋಗಿಗಳ ಪಟ್ಟಿ. ಬ್ಯಾನರ್ಜಿ ಮತ್ತು ಆಂಡರ್ಸನ್ 34 ಹಳ್ಳಿಗಳಲ್ಲಿ ಮತ್ತು ಪಟ್ಟಣದ 4 ಭಾಗಗಳಲ್ಲಿ ಇಂಥವರನ್ನು ಕಂಡು ಮಾತಾಡಿಸಿದರು. ಅವರೊಂದಿಗೆ ಹೋಲಿಸಲು ರೋಗವಿಲ್ಲದವರನ್ನೂ ಮಾತಾಡಿಸಿದರು. ಆ ಕಾಲದ ಮೈಸೂರು ರಾಜ್ಯದಲ್ಲಿ ಮೂವರಲ್ಲಿ ಇಬ್ಬರಿಗಿಂತ ಹೆಚ್ಚು ಮಂದಿಗೆ ಓದು ಬರುತ್ತಿರಲಿಲ್ಲ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು, 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಅಚ್ಚಾದ ಅವರ ಫಲಿತಾಂಶವನ್ನು ಓದಬೇಕು. ಕಫದಲ್ಲಿ ರೋಗಾಣು ಕಂಡುಬಂದವರಲ್ಲಿ ನೂರಕ್ಕೆ 95 ಮಂದಿಗೆ ತಮ್ಮ ಮೈಯಲ್ಲಿ ಆಗುತ್ತಿರುವುದರ ಅರಿವಿತ್ತು. ಕೆಮ್ಮು, ಜ್ವರ, ಎದೆನೋವು, ಕಫದಲ್ಲಿ ರಕ್ತ ಎಂದು ಅವರೇ ಹೇಳುತ್ತಿದ್ದರು. ನೂರಕ್ಕೆ 70ಕ್ಕೂ ಹೆಚ್ಚು ಮಂದಿ ಅದರ ಬಗ್ಗೆ ಚಿಂತೆಗೊಳಗಾಗಿದ್ದರು. ಅರ್ಧಕ್ಕಿಂತ ತುಸು ಹೆಚ್ಚು ಮಂದಿ ಆಗಲೇ ಸರ್ಕಾರಿ ಆಸ್ಪತ್ರೆಯ ಬಾಗಿಲಿಗೆ ಹೋಗಿ ಬಂದಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧಿಯ ಬಾಟ್ಲಿ. ಕಫ ಪರೀಕ್ಷೆ ಇಲ್ಲ, ಕ್ಷಯದ ಮಾತ್ರೆ ಇಲ್ಲ.

ಹಾಗೆ ಬರಿಗೈಯಲ್ಲಿ ವಾಪಸಾದವರ ಗತಿ ಏನಾಗುತ್ತಿತ್ತು ಎಂಬುದಕ್ಕೂ ಅದೇ ಸಂಸ್ಥೆಯ ಲೆಕ್ಕವಿದೆ. ಬೆಂಗಳೂರು ಜಿಲ್ಲೆಯ 119 ಹಳ್ಳಿಗಳಲ್ಲಿ 1961ರಿಂದ 1968ರವರೆಗೆ ನಡೆದ ದೀರ್ಘ ಅಧ್ಯಯನದಲ್ಲಿ, ಕಫದಲ್ಲಿ ರೋಗಾಣುವಿದ್ದವರಲ್ಲಿ ಸುಮಾರು ಅರ್ಧ ಮಂದಿ ಐದು ವರ್ಷ ತುಂಬುವುದರೊಳಗೆ ತೀರಿಕೊಂಡಿದ್ದರು. ಮೂರರಲ್ಲಿ ಒಂದು ಪಾಲು ತಾವಾಗಿಯೇ ಗುಣವಾಗಿದ್ದರು. ಉಳಿದವರು ರೋಗ ಹರಡುತ್ತಲೇ ಬದುಕಿದ್ದರು. ಮದ್ರಾಸಿನಲ್ಲಿ ಪರಿಣಾಮಕಾರಿ ಮದ್ದು ಸಾಬೀತಾದ ಮೇಲಿನ ವರ್ಷಗಳ ಮಾತಿದು. ರೋಗದ ಸ್ವಾಭಾವಿಕ ಗತಿಯನ್ನು ಅರಿಯಲು ಇಂದಿಗೂ ಉಲ್ಲೇಖವಾಗುವ ಈ ಅಂಕಿಗಳು, ಮದ್ದು ಇದ್ದೂ ಮುಟ್ಟದ ಊರುಗಳ ಲೆಕ್ಕವೂ ಹೌದು. ಓದುವವರಿಗೆ ನೈತಿಕ ಮುಜುಗರ ತರುವ ಲೆಕ್ಕ. ಬಾಟ್ಲಿ ಹಿಡಿದು ಹಿಂದಿರುಗಿದ ತುಮಕೂರಿನ ರೋಗಿಯ ಮುಂದಿದ್ದದ್ದೂ ಇದೇ ಹಾದಿ.

ತುಮಕೂರಿನ ಅಂಕಿಗಳನ್ನು ವೈದ್ಯರ ಮೇಲಿನ ದೂರಾಗಿ ಓದಿದರೆ ಅವುಗಳ ತಿರುಳು ತಪ್ಪಿಹೋಗುತ್ತದೆ. ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೆ ಕ್ಷಯದ ಲಕ್ಷಣ ಗೊತ್ತಿರಲಿಲ್ಲವೆಂದಲ್ಲ. ಬೆಳಗಿನಿಂದ ನೂರಾರು ಮಂದಿಯನ್ನು ನೋಡುವ ಅವರ ಬಳಿ ಸೂಕ್ಷ್ಮದರ್ಶಕ ಇರಲಿಲ್ಲ, ಕಫವನ್ನು ಪರೀಕ್ಷಿಸಬಲ್ಲ ಸಿಬ್ಬಂದಿ ಇರಲಿಲ್ಲ, ಪರೀಕ್ಷಿಸಿ ರೋಗ ಕಂಡರೂ ಕೊಡಲು ಮಾತ್ರೆ ಇರಲಿಲ್ಲ. ಎರಡು ವಾರಕ್ಕೂ ಮೀರಿ ಕೆಮ್ಮುವವರನ್ನು ಬೇರೆಯಾಗಿ ಗಮನಿಸಬೇಕು ಎಂಬ ಆದೇಶವೇ ಇರಲಿಲ್ಲ. ಬಂದ ರೋಗಿಯ ಕೆಮ್ಮಿಗೆ ಅರ್ಥ ಹುಡುಕುವ ಏರ್ಪಾಡೇ ವ್ಯವಸ್ಥೆಯಲ್ಲಿರಲಿಲ್ಲ. ಹೀಗಾಗಿ ರೋಗಿ ತನ್ನ ಪಾಲಿನ ಕೆಲಸವನ್ನು ಮಾಡಿ ಮುಗಿಸಿದ್ದರೂ ಅದು ಫಲ ಕೊಡಲಿಲ್ಲ. ಅರಿಯುವುದು, ಆತಂಕಪಡುವುದು, ಕೆಲಸ ಬಿಟ್ಟು ನಡೆದುಹೋಗುವುದು – ಈ ಮೂರು ಮೆಟ್ಟಿಲನ್ನು ಅರ್ಧಕ್ಕೂ ಹೆಚ್ಚು ಮಂದಿ ಹತ್ತಿದ್ದರು. ನಾಲ್ಕನೆಯ ಮೆಟ್ಟಿಲನ್ನು ಸರ್ಕಾರ ಕಟ್ಟಿರಲಿಲ್ಲ. ಅಲ್ಲಿಗೆ ಬಂದು ನಿಂತವರಿಗೆ ‘ನಿಮಗೆ ತಿಳಿವಳಿಕೆ ಇಲ್ಲ’ ಎನ್ನುವುದು ಅನ್ಯಾಯವಷ್ಟೇ ಅಲ್ಲ, ತಪ್ಪು ರೋಗನಿದಾನವೂ ಹೌದು.

ಬ್ಯಾನರ್ಜಿಯವರು ಇದರಿಂದ ತೆಗೆದ ತೀರ್ಮಾನದಲ್ಲಿ ದುಬಾರಿ ಎನ್ನುವಂಥದ್ದು ಏನೂ ಇರಲಿಲ್ಲ. ಹುಡುಕಿಕೊಂಡು ಹೋಗುವ ಮೊದಲು, ಹುಡುಕಿಕೊಂಡು ಬಂದವರನ್ನು ನೋಡಿಕೊಳ್ಳಿ. ಸಮೀಪದ ಸಾಮಾನ್ಯ ಆಸ್ಪತ್ರೆಗೇ ಸೂಕ್ಷ್ಮದರ್ಶಕ ಮತ್ತು ಮಾತ್ರೆ ಕೊಡಿ, ಕೆಮ್ಮೆಂದು ಬಂದವರ ಕಫ ಪರೀಕ್ಷಿಸಿ. ಬಂದವರು ಗುಣವಾದದ್ದನ್ನು ಕಂಡರೆ ಬಾರದವರೂ ಬರುತ್ತಾರೆ. ಈ ತರ್ಕದ ಮೇಲೆಯೇ 1962ರಲ್ಲಿ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ರೂಪುಗೊಂಡಿತು. ಜಿಲ್ಲೆಗೊಂದು ಕ್ಷಯ ಕೇಂದ್ರ, ಅದರ ಕೈಕೆಳಗೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೇ ಪತ್ತೆ ಮತ್ತು ಚಿಕಿತ್ಸೆ. ಕ್ಷಯಕ್ಕೆಂದೇ ಪ್ರತ್ಯೇಕ ದಂಡನ್ನು ಕಟ್ಟದೆ ಸಾಮಾನ್ಯ ಆರೋಗ್ಯ ಸೇವೆಯೊಳಗೆ ಅದನ್ನು ಬೆಸೆದದ್ದು ಆ ಕಾಲಕ್ಕೆ ಹೊಸ ಮಾತು. ಈ ಯೋಜನೆಯನ್ನು ಕಟ್ಟಿದವರ ಸಾಲಿನಲ್ಲಿ ಹಾಫ್‌ಡಾನ್ ಮಾಹ್ಲರ್ ಎಂಬ ಡೆನ್ಮಾರ್ಕಿನ ವೈದ್ಯರೂ ಇದ್ದರು. 1951ರಿಂದ ಸುಮಾರು ಹತ್ತು ವರ್ಷ ಭಾರತದ ಕ್ಷಯ ಕೆಲಸದಲ್ಲಿ ತೊಡಗಿದ್ದ ಅವರು 1973ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರಾದರು. 1978ರಲ್ಲಿ ಆಲ್ಮಾ ಆಟಾದಲ್ಲಿ ಪ್ರಾಥಮಿಕ ಆರೋಗ್ಯವೇ ಎಲ್ಲರ ಆರೋಗ್ಯದ ಬುನಾದಿ ಎಂದು ಜಗತ್ತು ಘೋಷಿಸಿದ್ದು ಅವರ ಮುಂದಾಳತನದಲ್ಲಿ. ಆ ಘೋಷಣೆಗೆ ಬೇರೆ ಬೇರೆ ದೇಶಗಳ ಅನುಭವಗಳು ಹರಿದುಬಂದಿದ್ದವು. ಅವುಗಳಲ್ಲಿ ಭಾರತದ ಈ ಕ್ಷಯ ಕೆಲಸವನ್ನೂ ಎಣಿಸದಿದ್ದರೆ ಇತಿಹಾಸ ಅರೆಬರೆಯಾದೀತು.

ಈಗ ದೇಶದ ಹೊರಗೆ ಏನಾಯಿತು ನೋಡೋಣ. ಆರೋಗ್ಯ ಸಾಕ್ಷರತೆ ಎಂಬ ಹೆಸರು ಅಮೆರಿಕದಲ್ಲಿ 1974ರಲ್ಲಿ, ಶಾಲೆಗಳಲ್ಲಿ ಆರೋಗ್ಯ ಶಿಕ್ಷಣದ ಕುರಿತು ಸ್ಕಾಟ್ ಸೈಮಂಡ್ಸ್ ಬರೆದ ಲೇಖನದಲ್ಲಿ ಕಾಣಿಸಿಕೊಂಡಿತು. 1990ರ ದಶಕದಲ್ಲಿ ಅದು ಸಂಶೋಧನೆಯ ದೊಡ್ಡ ಕ್ಷೇತ್ರವಾಗಿ ಬೆಳೆಯಿತು. ಆ ಕಾಲದ ಅಳತೆಗೋಲುಗಳೆಲ್ಲ ರೋಗಿಯ ಕಡೆಗೇ ಚಾಚಿದ್ದವು: ವೈದ್ಯಕೀಯ ಪದಗಳ ಪಟ್ಟಿಯನ್ನು ಗಟ್ಟಿಯಾಗಿ ಓದಿಸುವುದು, ಮಾತ್ರೆ ಡಬ್ಬಿಯ ಮೇಲಿನ ಸೂಚನೆ ಅರ್ಥವಾಯಿತೇ ಎಂದು ಪರೀಕ್ಷಿಸಿ ಅಂಕ ಕೊಡುವುದು. 2004ರಲ್ಲಿ ಅಲ್ಲಿನ ವೈದ್ಯಕೀಯ ಸಂಸ್ಥೆಯೊಂದು ಸುಮಾರು 9 ಕೋಟಿ ವಯಸ್ಕರಿಗೆ ಆರೋಗ್ಯ ಮಾಹಿತಿಯನ್ನು ಅರ್ಥ ಮಾಡಿಕೊಳ್ಳುವುದು ಕಷ್ಟ ಎಂದು ವರದಿ ಕೊಟ್ಟಿತು. ಅಕ್ಷರಸ್ಥ, ಶ್ರೀಮಂತ ದೇಶದ ಅರ್ಧದಷ್ಟು ವಯಸ್ಕರು ಅನುತ್ತೀರ್ಣರು ಎಂದಾದಾಗ ತಪ್ಪು ಬರೀ ಓದುಗರದೇ, ಬರೆದವರದೂ ಅಲ್ಲವೇ ಎಂಬ ಪ್ರಶ್ನೆ ಏಳಲೇಬೇಕಿತ್ತು. ಹಾರ್ವರ್ಡಿನ ರೀಮಾ ರಡ್ ಮೊದಲಾದವರು ಅದನ್ನೇ ಎತ್ತಿದರು. ಅರ್ಜಿ ನಮೂನೆ, ಸೂಚನಾಫಲಕ, ವೈದ್ಯರ ಮಾತು ಇವುಗಳ ಜಟಿಲತೆಯನ್ನೇ ಅಳೆಯತೊಡಗಿದರು. 2012ರ ಹೊತ್ತಿಗೆ ಸಂಸ್ಥೆಗಳು ಹೇಗಿರಬೇಕು ಎಂಬ ಪಟ್ಟಿ ಬಂತು. 2020ರಲ್ಲಿ ಅಮೆರಿಕ ಸರ್ಕಾರ ತನ್ನ ಮುಂದಿನ ದಶಕದ ಗುರಿಗಳನ್ನು ಬರೆಯುವಾಗ, ವ್ಯಕ್ತಿಯ ಆರೋಗ್ಯ ಸಾಕ್ಷರತೆಯ ಪಕ್ಕದಲ್ಲಿ ಸಂಸ್ಥೆಯ ಆರೋಗ್ಯ ಸಾಕ್ಷರತೆಯನ್ನೂ ಇಟ್ಟಿತು, ಅದರಲ್ಲಿ ಸಮತೆಯನ್ನೂ ಸೇರಿಸಿತು. ತುಮಕೂರಿನ ಅಧ್ಯಯನವೇ ಇದಕ್ಕೆಲ್ಲ ಮೂಲ ಎಂದು ನಾನು ಹೇಳುತ್ತಿಲ್ಲ. ಆ ಕ್ಷೇತ್ರ ತನ್ನದೇ ದಾರಿಯಲ್ಲಿ ಬೆಳೆಯಿತು. ಆದರೆ ಅದು ಸುಮಾರು ಐದು ದಶಕ ನಡೆದು ಮುಟ್ಟಿದ ತಿರುವು ನಮ್ಮ ಒಂದು ಜಿಲ್ಲೆಯಲ್ಲಿ 1963ರಲ್ಲೇ ಅಂಕಿಗಳ ಸಮೇತ ದಾಖಲಾಗಿತ್ತು.

ಈ ವಾದಕ್ಕೆ ಎದುರು ಮಾತುಗಳಿವೆ, ಅವು ಹಗುರವಾದುವಲ್ಲ. ಮೊದಲನೆಯದು: ಇಷ್ಟು ಒಳ್ಳೆಯ ಒಳನೋಟದ ಮೇಲೆ ಕಟ್ಟಿದ ಕಾರ್ಯಕ್ರಮ ಏಕೆ ಸೋತಿತು? 1992ರಲ್ಲಿ ಭಾರತ ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಸ್ವೀಡನ್ನಿನ ನೆರವು ಸಂಸ್ಥೆ ಸೇರಿ ನಡೆಸಿದ ಪರಿಶೀಲನೆಯಲ್ಲಿ, ಇರಬಹುದಾದ ರೋಗಿಗಳಲ್ಲಿ ಅರ್ಧಕ್ಕಿಂತ ಕಡಿಮೆ ಮಂದಿ ಪತ್ತೆಯಾಗುತ್ತಿದ್ದಾರೆ, ಚಿಕಿತ್ಸೆ ಪೂರ್ತಿ ಮಾಡುವವರು ನೂರಕ್ಕೆ ಸುಮಾರು 30 ಎಂದು ಕಂಡುಬಂತು. ಮೂವತ್ತು ವರ್ಷದ ಕೆಲಸಕ್ಕೆ ಇದು ಸಮಾಧಾನದ ಫಲವಲ್ಲ. ಕಾಗದದ ಮೇಲಿನ ಕಾರ್ಯಕ್ರಮಕ್ಕೂ ನೆಲದ ಮೇಲಿನದಕ್ಕೂ ಇದ್ದ ದೂರವನ್ನು ಬ್ಯಾನರ್ಜಿ ಕೊನೆಯವರೆಗೂ ಎತ್ತಿ ತೋರಿಸಿದರು: ಕುಟುಂಬ ಯೋಜನೆಯ ಗುರಿಗಳ ಹಿಂದೆ ಬಿದ್ದ ಸಿಬ್ಬಂದಿಗೆ ಕಫ ಪರೀಕ್ಷೆಗೆ ಬಿಡುವಿರಲಿಲ್ಲ, ಮಾತ್ರೆಗಳ ಪೂರೈಕೆ ಹದ ತಪ್ಪಿತ್ತು. ಈ ಉತ್ತರದಲ್ಲಿ ಸತ್ಯವಿದೆ. ಆದರೆ ಅದು ಪೂರ್ತಿ ಉತ್ತರವಲ್ಲ. ಸಾಮಾನ್ಯ ಆರೋಗ್ಯ ಸೇವೆ ಬಲಗೊಳ್ಳುತ್ತದೆ ಎಂಬ ಭರವಸೆಯ ಮೇಲೆ ಎಲ್ಲವನ್ನೂ ನಿಲ್ಲಿಸಿದ ಯೋಜನೆ, ಅದು ಬಲಗೊಳ್ಳದಿದ್ದರೆ ಏನು ಎಂಬುದಕ್ಕೆ ಸಿದ್ಧವಿರಲಿಲ್ಲ. ಆಸ್ಪತ್ರೆಯ ಕೊರತೆಯನ್ನು ಗುರುತಿಸುವುದು ಒಂದು, ಅದನ್ನು ತುಂಬುವ ರಾಜಕೀಯ ಬಲವನ್ನು ಹುಟ್ಟಿಸುವುದು ಇನ್ನೊಂದು. ತುಮಕೂರಿನ ಅಧ್ಯಯನ ಮೊದಲನೆಯದನ್ನು ಮಾಡಿತು. ಎರಡನೆಯದು ಅದರ ಕೈಯಲ್ಲಿರಲಿಲ್ಲ. ಸೋಲು ಒಳನೋಟವನ್ನು ಸುಳ್ಳಾಗಿಸುವುದಿಲ್ಲ, ಬಂದವರನ್ನು ನೋಡಿಕೊಳ್ಳದಿದ್ದರೆ ಏನಾಗುತ್ತದೆ ಎಂಬುದನ್ನು ದೊಡ್ಡ ಪ್ರಮಾಣದಲ್ಲಿ ತೋರಿಸುತ್ತದೆ.

ಎರಡನೆಯ ಆಕ್ಷೇಪ ಇನ್ನೂ ಹೊಸದು. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕ್ಷಯ ಸಮೀಕ್ಷೆಯಲ್ಲಿ ಲಕ್ಷಣಗಳಿದ್ದವರಲ್ಲಿ ನೂರಕ್ಕೆ 64 ಮಂದಿ ಯಾವ ಆಸ್ಪತ್ರೆಗೂ ಹೋಗಿರಲಿಲ್ಲ. ಏಕೆ ಹೋಗಲಿಲ್ಲ ಎಂದು ಕೇಳಿದಾಗ, ಹಾಗೆ ಹೋಗದವರಲ್ಲಿ ನೂರಕ್ಕೆ 68 ಮಂದಿ ಲಕ್ಷಣವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ ಎಂದರು, 18 ಮಂದಿ ಅದು ಕ್ಷಯವಿರಬಹುದೆಂದು ತಿಳಿಯಲಿಲ್ಲ ಎಂದರು. ಖರ್ಚು ಭರಿಸಲಾಗದು ಎಂದವರು ಬರೀ 2. ಹಾಗಾದರೆ ಕೊರತೆ ಅರಿವಿನದೇ ಅಲ್ಲವೇ? ಆ 2 ನನ್ನ ವಾದಕ್ಕೆ ಅನುಕೂಲವಾದ ಅಂಕಿಯಲ್ಲ ಎಂದು ಒಪ್ಪುತ್ತೇನೆ. ಬಡತನವೊಂದನ್ನೇ ಹಿಡಿದು ಎಲ್ಲವನ್ನೂ ವಿವರಿಸಲಾಗದು. ಆದರೆ ಎರಡು ಸಮೀಕ್ಷೆಗಳು ಎಣಿಸಿದ ಜನ ಒಂದೇ ಅಲ್ಲ. ತುಮಕೂರಿನ ಅಂಕಿ ಕ್ಷಯ ಖಚಿತವಾದವರದು. ಹೊಸ ಸಮೀಕ್ಷೆಯ 64 ಕೆಮ್ಮು ಮುಂತಾದ ಲಕ್ಷಣವಿದ್ದ ಎಲ್ಲರದು, ಅವರಲ್ಲಿ ಬಹುಪಾಲು ಜನರಿಗೆ ಕ್ಷಯವೇ ಇರಲಿಲ್ಲ. ಸಾಧಾರಣ ಕೆಮ್ಮಿಗೆ ಕೂಲಿ ಬಿಟ್ಟು ಸಾಲಿನಲ್ಲಿ ನಿಲ್ಲದಿರುವುದನ್ನು ಅಜ್ಞಾನವೆಂದು ಕರೆಯುವ ಮೊದಲು, ನಿಂತಿದ್ದರೆ ಏನು ಸಿಗುತ್ತಿತ್ತು ಎಂದೂ ಕೇಳಬೇಕು. ಅದೇ ಸಮೀಕ್ಷೆಯ ಇನ್ನೊಂದು ಅಂಕಿ ನನ್ನ ವಾದದ ನಿಜವಾದ ಮಿತಿಯನ್ನು ತೋರಿಸುತ್ತದೆ: ಎಕ್ಸ್‌ರೇ ಇಲ್ಲದಿದ್ದರೆ ನೂರಕ್ಕೆ 42.6ರಷ್ಟು ರೋಗಿಗಳು, ಹೇಳಿಕೊಳ್ಳುವ ಲಕ್ಷಣವಿಲ್ಲದ ಕಾರಣ, ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಬಂದವರ ಕಫ ನೋಡಿದರೆ ಸಾಕು ಎಂಬ 1960ರ ದಶಕದ ನಿಲುವು ಇಂದಿಗೆ ಸಾಲದು. ಆದರೆ ಇದರಿಂದ ಅರಿವಿನ ಕೊರತೆಯ ವಾದ ಗೆಲ್ಲುವುದಿಲ್ಲ. ಲಕ್ಷಣವೇ ಇಲ್ಲದ ರೋಗವನ್ನು ಯಾವ ಭಿತ್ತಿಪತ್ರವೂ ಕಲಿಸಿಕೊಡಲಾರದು. ಅಲ್ಲಿಯೂ ಬೇಕಾದದ್ದು ಊರಿಗೆ ಬರುವ ಯಂತ್ರ ಮತ್ತು ಸಿಬ್ಬಂದಿ.

ನಿಂತಿದ್ದರೆ ಏನು ಸಿಗುತ್ತಿತ್ತು ಎಂಬ ಪ್ರಶ್ನೆಗೆ ಈಚಿನ ಉತ್ತರಗಳೂ ಇವೆ. 2013ರಲ್ಲಿ ದೇಶದಲ್ಲಿದ್ದ ಸುಮಾರು 27 ಲಕ್ಷ ರೋಗಿಗಳ ಜಾಡು ಹಿಡಿದು ಲೆಕ್ಕ ಹಾಕಿದ ಸಂಶೋಧಕರು, ನೂರಕ್ಕೆ 72 ಮಂದಿ ಸರ್ಕಾರಿ ಕಾರ್ಯಕ್ರಮದ ಪರೀಕ್ಷಾ ಹಂತವನ್ನು ತಲುಪುತ್ತಾರೆ, ರೋಗ ಪತ್ತೆಯಾಗುವುದು 60 ಮಂದಿಗೆ, ಚಿಕಿತ್ಸೆ ಮುಗಿಸುವುದು 45 ಮಂದಿ, ಆಮೇಲೆ ಒಂದು ವರ್ಷ ರೋಗ ಮರುಕಳಿಸದೆ ಉಳಿಯುವವರು 39 ಮಂದಿ ಎಂದು ಅಂದಾಜು ಮಾಡಿದರು. ಬಾಗಿಲಿಗೆ ಬಾರದೆ ಹೋದವರು 28. ಬಾಗಿಲು ದಾಟಿದ ಮೇಲೆ ಒಳಗೆ ಕಳೆದುಹೋದವರು 33. ಖಾಸಗಿ ಚಿಕಿತ್ಸಾಲಯಗಳಲ್ಲಿ ಏನಾಗುತ್ತದೆ ಎಂದು ತಿಳಿಯಲು ಮತ್ತೊಂದು ತಂಡ ತರಬೇತಾದ ನಟರನ್ನು ಕೆಮ್ಮಿನ ರೋಗಿಗಳಂತೆ ಕಳಿಸಿ ನೋಡಿತು. ಮುಂಬಯಿ ಮತ್ತು ಪಟ್ನಾದ ಸಾವಿರಕ್ಕೂ ಹೆಚ್ಚು ಚಿಕಿತ್ಸಕರಲ್ಲಿಗೆ ಹೋದ ಈ ನಟರಿಗೆ ಸರಿಯಾದ ಕ್ರಮದ ಆರೈಕೆ ಸಿಕ್ಕಿದ್ದು ನೂರಕ್ಕೆ 35 ಭೇಟಿಗಳಲ್ಲಿ ಮಾತ್ರ. ಈ ನಟರಿಗೆ ರೋಗಲಕ್ಷಣವನ್ನು ಕ್ರಮವಾಗಿ ಹೇಳುವ ತಾಲೀಮು ಕೊಡಲಾಗಿತ್ತು. ಅಂದರೆ ಅರಿವಿನಲ್ಲಿ ಯಾವ ಕೊರತೆಯೂ ಇಲ್ಲದ ರೋಗಿಗಳು ಅವರು. ಅವರಿಗೂ ಬಹುಪಾಲು ಸಲ ಸಿಕ್ಕಿದ್ದು ಕಫ ಪರೀಕ್ಷೆಯ ಚೀಟಿಯಲ್ಲ. ಬಾಟ್ಲಿಯ ಬಣ್ಣ, ಬೆಲೆ ಬದಲಾಗಿವೆ. ತುಮಕೂರಿನ ಕಥೆ ಬದಲಾಗಿಲ್ಲ.

ಹಾಗಿದ್ದರೆ ಆರೋಗ್ಯ ಶಿಕ್ಷಣವೇ ಬೇಡವೇ ಎಂಬುದು ಮೂರನೆಯ ಪ್ರಶ್ನೆ. ಖಂಡಿತ ಬೇಕು. ಕನ್ನಡದಲ್ಲಿ ಅದಕ್ಕೆ ಹೆಮ್ಮೆಪಡುವ ಪರಂಪರೆಯೇ ಇದೆ. ವೈದ್ಯೆಯಾಗಿದ್ದ ಅನುಪಮಾ ನಿರಂಜನ ಬಸಿರು, ಬಾಣಂತನ, ದಾಂಪತ್ಯದ ಬಗ್ಗೆ ಬಿಡಿಸಿ ಬರೆದದ್ದು ಮನೆಯೊಳಗೆ ಯಾರನ್ನೂ ಕೇಳಲಾಗದ ಹೆಣ್ಣುಮಕ್ಕಳ ಕೈಗೆ ತಿಳಿವಳಿಕೆಯನ್ನು ಕೊಟ್ಟಿತು. ಮನಸ್ಸಿನ ಕಾಯಿಲೆಗಳ ಬಗ್ಗೆ ಸಿ.ಆರ್. ಚಂದ್ರಶೇಖರ್ ಬರೆದ ಪುಸ್ತಕಗಳು ದೆವ್ವ ಪೀಡೆಯೆಂಬ ಅಂಜಿಕೆಯನ್ನು ಎಷ್ಟೋ ಮನೆಗಳಿಂದ ದೂರ ಮಾಡಿದವು. ಕ್ಷಯದ ವಿಷಯದಲ್ಲೂ ಅಂಟುರೋಗದ ಕಳಂಕಕ್ಕೆ ಹೆದರಿ ಮುಚ್ಚಿಡುವವರಿದ್ದಾರೆ, ಕೆಮ್ಮು ನಿಂತಿತೆಂದು ಮಾತ್ರೆ ನಿಲ್ಲಿಸುವವರಿದ್ದಾರೆ. ಅವರೊಂದಿಗೆ ಮಾತಾಡುವುದು ಚಿಕಿತ್ಸೆಯ ಭಾಗವೇ. ನನ್ನ ತಕರಾರು ಕಲಿಸುವುದರ ಬಗ್ಗೆ ಅಲ್ಲ, ಅನುಕ್ರಮದ ಬಗ್ಗೆ. ಸೂಕ್ಷ್ಮದರ್ಶಕವಿಲ್ಲದ ಆಸ್ಪತ್ರೆಗೆ ಜನರನ್ನು ಕಳಿಸುವ ಪ್ರಚಾರ ಜನರಿಗೆ ಕಲಿಸುವುದು ಒಂದೇ ಪಾಠವನ್ನು: ಅಲ್ಲಿಗೆ ಹೋಗಿ ಪ್ರಯೋಜನವಿಲ್ಲ. ಒಮ್ಮೆ ಆ ಪಾಠ ಕಲಿತ ಊರು ಮುಂದಿನ ಹತ್ತು ಜಾಥಾಗಳನ್ನೂ ನಂಬುವುದಿಲ್ಲ. ತಿಳಿವಳಿಕೆ ಎಲ್ಲರಿಗೂ ಸಮನಾಗಿ ಹಂಚಿದರೂ ಅದನ್ನು ಬಳಸುವ ಶಕ್ತಿ ಸಮನಾಗಿರುವುದಿಲ್ಲ ಎಂಬುದನ್ನೂ ಮರೆಯಬಾರದು. ಜಾರ್ಖಂಡಿನಲ್ಲಿ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ರೋಗಿಯ ಮನೆಯವರಿಗೆಲ್ಲ ತಿಂಗಳ ಆಹಾರಧಾನ್ಯ ಕೊಟ್ಟಾಗ ಅವರಲ್ಲಿ ಹೊಸದಾಗಿ ಕ್ಷಯ ಬರುವುದು ನೂರಕ್ಕೆ 39ರಷ್ಟು ಕಡಿಮೆಯಾಯಿತು. ಚೆನ್ನಾಗಿ ಉಣ್ಣಿ ಎಂಬ ಸ್ಯಾನಟೋರಿಯಂ ಕಾಲದ ಸಲಹೆ ಸರಿಯಾಗಿಯೇ ಇತ್ತು. ಸಲಹೆಯ ಜೊತೆಗೆ ಧಾನ್ಯದ ಚೀಲ ಬಂದಿರಲಿಲ್ಲ, ಅಷ್ಟೆ.

ಬ್ಯಾನರ್ಜಿಯವರ ಮುಂದಿನ ಬದುಕೂ ಈ ಒಂದೇ ಎಳೆಯನ್ನು ಹಿಡಿದು ಸಾಗಿತು. 1971ರಲ್ಲಿ ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ ಸೇರಿ ಸಾಮಾಜಿಕ ವೈದ್ಯಶಾಸ್ತ್ರ ಮತ್ತು ಸಮುದಾಯ ಆರೋಗ್ಯ ಕೇಂದ್ರವನ್ನು ಕಟ್ಟಿದರು. ದೇಶದ 19 ಹಳ್ಳಿಗಳಲ್ಲಿ ವರ್ಷಗಟ್ಟಲೆ ನಡೆಸಿದ ಅಧ್ಯಯನವನ್ನು 1982ರಲ್ಲಿ ಬಡತನ, ವರ್ಗ ಮತ್ತು ಆರೋಗ್ಯ ಸಂಸ್ಕೃತಿಯ ಕುರಿತ ಪುಸ್ತಕವಾಗಿಸಿದರು. ಒಂದೊಂದು ರೋಗಕ್ಕೆ ಒಂದೊಂದು ಪ್ರತ್ಯೇಕ ಅಭಿಯಾನ ಹೊರಡಿಸುವ ಪದ್ಧತಿಯನ್ನು ಅವರು ಟೀಕಿಸುತ್ತಲೇ ಇದ್ದರು, ಆ ಟೀಕೆಯ ಮೊನೆ ಹಲವು ಸಲ ಅತಿಯಾಯಿತು ಎನ್ನುವವರೂ ಇದ್ದಾರೆ. 1990ರ ದಶಕದ ಹೊಸ ಕ್ಷಯ ಕಾರ್ಯಕ್ರಮವನ್ನು ಅವರು ಅನುಮಾನದಿಂದಲೇ ನೋಡಿದರು. ಅದು ಮಾತ್ರೆಗಳ ಪೂರೈಕೆಯನ್ನು ಹಿಂದೆಂದಿಗಿಂತ ಸುಧಾರಿಸಿತೆಂಬುದನ್ನು ಅವರ ಪರವಾಗಿ ವಾದಿಸುವವರೂ ಅಲ್ಲಗಳೆಯಲಾರರು. ಇಷ್ಟಾದರೂ ಅವರ ವೃತ್ತಿಜೀವನದ ಮೊದಲ ದೊಡ್ಡ ಕೆಲಸ ಕೊಟ್ಟ ಅಳತೆಗೋಲು ಇಂದಿಗೂ ಸವೆದಿಲ್ಲ. ಜಿಲ್ಲಾ ಮಟ್ಟದ ಸಭೆಗಳಲ್ಲಿ ಎಷ್ಟು ಜಾಗೃತಿ ಕಾರ್ಯಕ್ರಮ ನಡೆಯಿತು, ಎಷ್ಟು ಕರಪತ್ರ ಹಂಚಲಾಯಿತು ಎಂದು ಕೇಳುವುದು ಸುಲಭ, ಉತ್ತರವೂ ಸದಾ ದೊಡ್ಡದಾಗಿಯೇ ಬರುತ್ತದೆ. ಕಳೆದ ತಿಂಗಳು ಎರಡು ವಾರ ಮೀರಿದ ಕೆಮ್ಮೆಂದು ಬಂದವರು ಎಷ್ಟು ಮಂದಿ, ಅವರಲ್ಲಿ ಪರೀಕ್ಷೆಯಾದದ್ದು ಎಷ್ಟು ಮಂದಿಗೆ, ರೋಗ ಕಂಡವರಲ್ಲಿ ಅದೇ ವಾರ ಮಾತ್ರೆ ಸಿಕ್ಕಿದ್ದು ಎಷ್ಟು ಮಂದಿಗೆ ಎಂದು ಕೇಳಿದರೆ ಉತ್ತರ ಚಿಕ್ಕದಾಗುತ್ತದೆ, ಉತ್ತರ ಕೊಡಬೇಕಾದವರೂ ಬದಲಾಗುತ್ತಾರೆ. ಈ ಎರಡನೆಯ ಪಟ್ಟಿ ತುಂಬಿದ ಮೇಲೂ ಜನ ಬಾರದಿದ್ದರೆ ಆಗ ಅರಿವಿನ ಕೊರತೆ ಎಂಬ ಮಾತನ್ನು ಆಡಬಹುದು. ಅಲ್ಲಿಯವರೆಗೆ ಅದು ಪುರಾವೆಯಿಲ್ಲದ ಆರೋಪ. ಅದಕ್ಕೆ ಎದುರಾಗಿ ಅರವತ್ತು ವರ್ಷಗಳ ಹಿಂದೆಯೇ ತುಮಕೂರು ಜಿಲ್ಲೆಯ ರೋಗಿಗಳು ಸಾಕ್ಷ್ಯ ನುಡಿದಿದ್ದಾರೆ.